ಅನಘಾಳ ಕಂಠ, ಇನ್ನೊಬ್ಬಳ ಮುಖ

ಅನಘಾಳ ದನಿ ಹುಟ್ಟಿನಿಂದಲೇ ಗೊಗ್ಗರು. ಗದಗಿನ ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಅದಕ್ಕೆ 'ಒಡಕು' ಎಂದು ಹೆಸರಿಟ್ಟು, ಪ್ರಾರ್ಥನೆಯ ಸಾಲಿನಿಂದ ಅವಳನ್ನು ಎಬ್ಬಿಸಿ ತಾಳ ಹಾಕಲು ಕೂರಿಸಿದರು. ಅವಳನ್ನು ಹಾಡಿಸಿದವಳು ಅಜ್ಜಿ ಶಾಂತವ್ವ ಒಬ್ಬಳೇ, ಅದೂ ಬೀಸುವ ಕಲ್ಲಿನ ಮುಂದೆ. ಶಾಂತವ್ವನ ದನಿಯೂ ಉಪ್ಪುಕಾಗದ ಉಜ್ಜಿದ ಹಾಗೆಯೇ ಇತ್ತು. "ಕಲ್ಲಿನ ಸಪ್ಪಳದಾಗ ನಿನ್ ಹಾಡು ಕೇಳಬೇಕಂದ್ರ ಗಂಟಲ ಹಿಂಗ ಇರಬೇಕವಾ" ಎನ್ನುತ್ತಿದ್ದಳು.

ಅನಘಾ ಈಗ ಅಮೆರಿಕದ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನವಳು, ಚಿಪ್ ಕಂಪನಿಯಲ್ಲಿ ಕೆಲಸ. ಫೋನಿನಲ್ಲಿ 'ಸರ್' ಎನ್ನುವವರನ್ನು ತಿದ್ದುವುದನ್ನು ಎಂದೋ ಬಿಟ್ಟಿದ್ದಾಳೆ. ಕನ್ನಡ ಸಂಘದ ಆಂಟಿಯರು ಕಂಡಾಗಲೆಲ್ಲ ಜ್ಯೇಷ್ಠಮಧುವಿನ ತುಂಡು ಕೈಗಿಡುತ್ತಾರೆ. ಹಾಡಲು ಹೆಸರು ಕೊಟ್ಟರೆ, "ನಿಮ್ಮದು ಮಾತಾಡೋ ವಾಯ್ಸ್ ಕಣ್ರೀ, ನಿರೂಪಣೆ ಮಾಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಂಘದಲ್ಲಿ ಹೆಂಗಸರು ಹಾಡುವುದೆಲ್ಲ ಬೆಂಗಳೂರಿನಿಂದ ತರಿಸಿದ ಟ್ರ್ಯಾಕುಗಳಿಗೆ. ಆ ಟ್ರ್ಯಾಕುಗಳ ಶ್ರುತಿ ಚಾವಣಿಗೆ ತಾಗುವಂತಿರುತ್ತದೆ. ಅಷ್ಟೆತ್ತರ ಏರಲಾರದವಳು ಹೆಂಗಸೇ ಅಲ್ಲ ಎಂಬುದು ನಮ್ಮವರ ಅಲಿಖಿತ ನಿಯಮ.

ಈ ನಿಯಮದ ಕಾವಲುಗಾರರು ಹ್ಯೂಸ್ಟನ್ ಬದಿಯ ಮಿಸೌರಿ ಸಿಟಿಯ ಚಂದ್ರಮೋಹನ, ಸುತ್ತಲಿನ ಸಂಘಗಳಿಗೆಲ್ಲ ಸೇರಿದ ಸಾಂಸ್ಕೃತಿಕ ಸಮಿತಿಯ ಅಧ್ಯಕ್ಷರು. ಅವರ ಮಹಡಿಯಲ್ಲಿ ಆಳೆತ್ತರದ ಸ್ಪೀಕರುಗಳ ಕೋಣೆಯಿದೆ. ಊಟಕ್ಕೆ ಕರೆದವರನ್ನು ಅಲ್ಲಿ ಕೂಡಿಹಾಕಿ ಅಮೆರಿಕದ, ಇಂಗ್ಲೆಂಡಿನ ಗೊಗ್ಗರು ಕಂಠದ ಗಾಯಕಿಯರನ್ನು ಕೇಳಿಸುತ್ತಾರೆ. "ಆ ಹಸ್ಕಿನೆಸ್ ಗಮನಿಸಿ. ಒಂದೊಂದು ಬಿರುಕಲ್ಲೂ ಒಂದು ಬದುಕಿದೆ" ಎಂದು ಕಣ್ಣು ಮುಚ್ಚುತ್ತಾರೆ. ಜನ್ಮದಲ್ಲಿ ಬೀಡಿ ಮುಟ್ಟದ ಈ ಮನುಷ್ಯ ಹೊಗೆ, ವಿಸ್ಕಿ ಎಂದೆಲ್ಲ ಉಪಮೆ ಕೊಡುತ್ತಾರೆ. ಅದೇ ಕಣ್ಣು ತೆರೆದು ಅನಘಾಳಿಗೆ, "ನಮ್ಮ ಭಾಷೆಗೆ ಇಂಪು ಬೇಕಮ್ಮಾ" ಎನ್ನುತ್ತಾರೆ. ಪರದೇಶದ ಕೊರಳು ಬಿರಿದರೆ ಅನುಭವ, ಗದಗಿನ ಕೊರಳು ಬಿರಿದರೆ ಶೀತ.

ಈ ವರ್ಷ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಸಂಘಗಳು ಸೇರಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ರಾಜ್ಯೋತ್ಸವ ಮಾಡುವುದೆಂದಾಯಿತು. ಚಂದ್ರಮೋಹನರಿಗೆ ಒಂದು ಮಹಾ ಯೋಚನೆ ಹೊಳೆಯಿತು: ಆಸ್ಟಿನ್ನಿನ ಬಾರೊಂದರಲ್ಲಿ ಹಾಡುವ ಕೊರಿನ್ ಎಂಬ ಹಸ್ಕಿ ಗಾಯಕಿಯಿಂದ ಬೀಸುವ ಪದ ಹಾಡಿಸುವುದು. ಪದ ಗೊತ್ತಿದ್ದವಳು ಅನಘಾ ಒಬ್ಬಳೇ. ಆದ್ದರಿಂದ ಅವಳು ಕಲಿಸಬೇಕು.

ಅನಘಾ ಕಲಿಸಿದಳು. ಮೊದಲ ದಿನವೇ ಕೊರಿನ್ ಕೇಳಿದಳು: "ನೀನಿರುವಾಗ ನನ್ನನ್ನು ಯಾಕೆ ಕರೆದರು?" ಅನಘಾಳಿಗೆ ನಾಚಿಕೆಯಾಯಿತು. ಪದದ ಮೊದಲ ಸಾಲನ್ನು ಮತ್ತೆ ಹೇಳಿಕೊಟ್ಟಳು. ಅಭ್ಯಾಸಕ್ಕೆಂದು ಅವಳು ಪದವನ್ನು ತನ್ನ ಫೋನಿನಲ್ಲಿ ಹಾಡಿ, ಹೆಸರು ಬರೆಯದೆ, ಸಮಿತಿಯವರೆಲ್ಲ ತೆರೆಯಬಹುದಾದ ಆನ್‌ಲೈನ್ ಫೋಲ್ಡರಿಗೆ ಹಾಕಿದಳು. ಕೊರಿನ್ ತನ್ನದನ್ನೂ ಅಲ್ಲಿಯೇ ಹಾಕಬೇಕಿತ್ತು, ಇನ್ನೂ ಹಾಕಿರಲಿಲ್ಲ.

ಚಂದ್ರಮೋಹನರು ತೆರೆದದ್ದು ಅಲ್ಲಿದ್ದ ಒಂದನ್ನೇ. ಮರುದಿನ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿಕೊಂಡು ಅನಘಾ, ಸಂಘದ ಚಾಟ್ ಗುಂಪಿಗೆ ಬಂದ ಅವರ ವಾಯ್ಸ್ ಮೆಸೇಜ್ ಕೇಳಿದಳು: "ಫ್ರೆಂಡ್ಸ್, ಕೊರಿನ್ ಹಾಡಿರೋದು ಕೇಳಿ. ನಾನು ದೊಡ್ಡ ಸ್ಪೀಕರಲ್ಲಿ ಹಾಕ್ಕೊಂಡು ಅತ್ತುಬಿಟ್ಟೆ. ಏನು ಆಳ, ಏನು ಹಸ್ಕಿನೆಸ್. ಉಚ್ಚಾರಣೆ ಅಂತೂ ನಮ್ಮ ಮಕ್ಕಳು ನಾಚಬೇಕು." ಕೆಳಗೆ ಅಂಕಲ್ ಆಂಟಿಯರ ಚಪ್ಪಾಳೆ, ಹೂಗುಚ್ಛ, ಕೈಮುಗಿದ ಚಿತ್ರಗಳು.

ಅನಘಾ ಒಂದೇ ಸಾಲು ಬರೆದಳು: "ಅದು ನಾನು ಹಾಡಿದ್ದು ಸರ್."

ಆಮೇಲೆ ಒಬ್ಬೊಬ್ಬರೇ ಹೊಗಳಿಕೆಯನ್ನು ಅಳಿಸತೊಡಗಿದರು. ಒಬ್ಬ ಆಂಟಿ, "ರೆಕಾರ್ಡಿಂಗ್ ಕ್ಲಾರಿಟಿ ಚೆನ್ನಾಗಿತ್ತು ಅಂದೆ ಅಷ್ಟೇ" ಎಂದು ಸಮಜಾಯಿಷಿ ಬರೆದರು. ಕಿವಿಗೆ ಬಿದ್ದದ್ದನ್ನು ಮುಖ ನೋಡಿಕೊಂಡು ತಿದ್ದುವ ಜನ.

ಕೊರಿನ್‌ಳ ಹಾಡು ಬಂದಾಗ ದನಿ ಚೆನ್ನಾಗಿತ್ತು, ಕನ್ನಡ ಮಾತ್ರ ಜಜ್ಜಿಹೋಗಿತ್ತು. ಚಂದ್ರಮೋಹನರು ಅನಘಾಳನ್ನು ಮನೆಗೆ ಕರೆಸಿದರು. ಮೂರು ಗಂಟೆ ಡ್ರೈವ್ ಮಾಡಿ ಬಂದವಳ ಮುಂದೆ ಅವರ ಹೆಂಡತಿ ಲೀಲಾವತಿ ಅವಲಕ್ಕಿ ಇಟ್ಟರು. ಚಂದ್ರಮೋಹನರು ನೇರ ವಿಷಯಕ್ಕೆ ಬಂದರು.

"ನಿಮ್ಮ ಟ್ರ್ಯಾಕ್ ಹಾಕೋಣ. ಕೊರಿನ್ ಮುಂದೆ ನಿಂತು ತುಟಿ ಆಡಿಸ್ತಾರೆ."

"ಆಕಿಗೆ ಹೇಳೀರೇನ್ರಿ?"

"ಹೇಳಿದ್ರಾಯ್ತು. ದುಡ್ಡು ತಗೋತಾರಲ್ಲ."

"ಮತ್ತ ನಾನು?"

"ನೀವು ನಿರೂಪಣೆಗೆ ಇದ್ದೇ ಇದೀರಲ್ಲಮ್ಮಾ. ಬ್ರೋಷರಲ್ಲಿ 'ಉಚ್ಚಾರಣೆ ಸಹಾಯ' ಅಂತ ಹೆಸರು ಹಾಕ್ತೀವಿ."

"ಅನಘಾನೇ ಹಾಡಲಿ ಬಿಡಿ, ಅವಳದನ್ನೇ ನಾಲ್ಕು ಸಲ ಹಾಕ್ಕೊಂಡು ಕೇಳಿದೀರಿ" ಎಂದರು ಲೀಲಾವತಿ.

"ನೀನು ಸುಮ್ನಿರು. ಜನ ಏನು ನೋಡಕ್ಕೆ ಬರ್ತಾರೆ ಅನ್ನೋದು ನಿನಗೆ ಗೊತ್ತಾಗಲ್ಲ."

ಅನಘಾ ಅವಲಕ್ಕಿಯ ತಟ್ಟೆ ಸರಿಸಿದಳು. ಇಷ್ಟು ವರ್ಷ ಅವರು ಬೇಡವೆಂದದ್ದು ತನ್ನ ದನಿಯನ್ನು ಎಂದುಕೊಂಡಿದ್ದಳು. ದನಿ ಬೇಕಾಗಿತ್ತು, ಅದರ ಹಿಂದಿದ್ದ ಹೆಂಗಸು ಬೇಡವಾಗಿದ್ದಳು. ಇವತ್ತು ಹೂಂ ಎಂದರೆ ಆ ದನಿ ಇನ್ನೆಂದೂ ತನ್ನದಲ್ಲ.

"ಇದು ನಮ್ಮಜ್ಜಿ ಬೀಸುವಾಗ ಹಾಡಿದ್ದರಿ. ಹಾಡೂದಾದ್ರ ನಾನ ನಿಂತು ಹಾಡ್ತೀನಿ. ಇಲ್ಲಂದ್ರ ಹಾಡೂ ಇಲ್ಲ, ನಿರೂಪಣೀನೂ ಇಲ್ಲ."

"ಎಮೋಷನಲ್ ಆಗಬೇಡಿ. ಮುಂದಿನ ವರ್ಷ ನಿಮಗೊಂದು ಚಾನ್ಸ್ ನೋಡೋಣ."

ಅನಘಾ ಅವರೆದುರಿಗೇ ಫೋನು ತೆಗೆದು ತಾನು ಹಾಕಿದ್ದ ಹಾಡನ್ನು ಅಳಿಸಿದಳು. ಚಂದ್ರಮೋಹನರು ಮಾತಾಡುತ್ತಲೇ ಇದ್ದರು, ಲೀಲಾವತಿ ಬಾಗಿಲವರೆಗೂ ಬಂದರು.

ತುಟಿಯ ಯೋಜನೆ ತಿಳಿದ ಕೊರಿನ್, ಬರುವುದಿಲ್ಲ ಎಂದು ಇಂಗ್ಲಿಷಿನ ಎರಡೇ ಶಬ್ದಗಳಲ್ಲಿ ಸಮಿತಿಗೆ ತಿಳಿಸಿದಳು. ಆ ಶಬ್ದಗಳನ್ನು ಸಂಭಾವಿತರ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಸ್ಟಾಫರ್ಡಿನಲ್ಲಿ ರಾಜ್ಯೋತ್ಸವ ವೈಭವದಿಂದ ನಡೆಯಿತು. ಬೇರೊಂದು ಬೀಸುವ ಪದವನ್ನು ಯಾರೋ ಬೆಂಗಳೂರಿನ ಟ್ರ್ಯಾಕಿಗೆ ಇಂಪಾಗಿ ಹಾಡಿದರು, ಬೀಸುವ ಕಲ್ಲಿನ ಬದಲು ಕೈಗೆ ಥರ್ಮಾಕೋಲಿನ ಕಲ್ಲು ಕೊಟ್ಟಿದ್ದರು. ಅದಕ್ಕೂ ಚಪ್ಪಾಳೆ ಬಿತ್ತು.

ಅದೇ ಸಂಜೆ ಆಸ್ಟಿನ್ನಿನ ಬಾರಿನಲ್ಲಿ ಕೊರಿನ್ ತನ್ನ ಸರದಿಯ ನಡುವೆ ಕೆಳಗಿಳಿದು ಮೈಕನ್ನು ಅನಘಾಳ ಕೈಗೆ ಕೊಟ್ಟಳು. ಕೇಳುವವರು ಬೆರಳೆಣಿಕೆಯಷ್ಟು, ಕನ್ನಡ ಬಲ್ಲವರು ಯಾರೂ ಇಲ್ಲ. ಅನಘಾ ಅಜ್ಜಿಯ ಪದವನ್ನು ತನ್ನ ಶ್ರುತಿಯಲ್ಲಿ, ತಳದಿಂದ ಎತ್ತಿಕೊಂಡಳು. ಎರಡನೆಯ ನುಡಿಯಲ್ಲಿ ದನಿ ಬಿರಿಯಿತು. ಅವಳು ಕೆಮ್ಮಲಿಲ್ಲ, ಕ್ಷಮಿಸಿ ಎನ್ನಲಿಲ್ಲ, ಮೂರನೆಯ ನುಡಿಗೆ ಹೋದಳು.