ಟ್ರಾಮ್ ಸಿನಿಮಾದ ನಿಕಾಹ್

ಕೈರೋ ನಗರದ ಶುಬ್ರಾದ ಆ ಬೀದಿಯಲ್ಲಿ ಉಸ್ತಾಜ್ ಬಹ್ಗತ್ ಅವರ ಹೆಸರು ಬಲ್ಲವರು ಕಡಿಮೆ, ಮುಖ ಬಲ್ಲವರೇ ಎಲ್ಲ. ತರಕಾರಿಯವನಿಗೆ ಅವರು ಜಡ್ಜ್ ಸಾಹೇಬರು. ಔಷಧದಂಗಡಿಯವನಿಗೆ ಡಾಕ್ಟರು, ಒಮ್ಮೊಮ್ಮೆ ಮೈಮರೆತು ಯಾರದೋ ಮಾತ್ರೆಯ ಚೀಟಿಯನ್ನು ಅವರ ಮುಂದೆ ಹಿಡಿದು, ಇದು ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದ್ದೂ ಉಂಟು. ತಪ್ಪು ಅವನದಲ್ಲ. ಆಪರೇಷನ್ ಕೋಣೆಯಿಂದ ಹೊರಬಂದು, ಕನ್ನಡಕ ತೆಗೆದು, ಒಂದು ಮಾತೂ ಆಡದೆ ತಲೆಯಲ್ಲಾಡಿಸುವ ಡಾಕ್ಟರನ್ನು ಕೈರೋದಲ್ಲಿ ನೋಡದವರು ಯಾರಿದ್ದಾರೆ? ಆ ತಲೆ ಉಸ್ತಾಜರದು.

ಐವತ್ತೈದು ವರ್ಷ ಅವರು ಸಿನಿಮಾದಲ್ಲಿ ದುಡಿದರು. ಒಂದು ತಿಂಗಳು ನಾಯಕಿಯ ಆಸ್ತಿ ನುಂಗುವ ಚಿಕ್ಕಪ್ಪ, ಮರುತಿಂಗಳು ಪಾಷಾನ ಮುಂದೆ ಬೆನ್ನು ನೆಟ್ಟಗೆ ಮಾಡಲಾರದ ಗುಮಾಸ್ತ. ಸೇಡು ತೀರಿಸಲು ಬಂದೂಕು ಹೊತ್ತು ದಕ್ಷಿಣದ ಹಳ್ಳಿಯಿಂದ ಬಂದವನು ಶತ್ರುವಿನ ಕೂಸಿನ ಮುಖ ನೋಡಿ ಬಂದೂಕು ಕೆಳಗಿಡುತ್ತಾನಲ್ಲ, ಆ ದೃಶ್ಯ ಬಂದಾಗ ಚಿತ್ರಮಂದಿರದಲ್ಲಿ ಗಂಡಸರೂ ಮೂಗೊರೆಸಿಕೊಳ್ಳುತ್ತಿದ್ದರು. ಒಂದು ಚಿತ್ರದಲ್ಲಿ ಕಿವುಡ ಮಾಲಿಯಾಗಿ ಮೊದಲಿಂದ ಕೊನೆಯವರೆಗೂ ಗುಲಾಬಿ ಗಿಡಗಳಿಗೆ ನೀರೆರೆದರು, ಅಷ್ಟೆ. ಎಷ್ಟು ಸಲ ಸತ್ತರೆಂದು ಅವರಿಗೇ ಲೆಕ್ಕ ತಪ್ಪಿತ್ತು. ಇಷ್ಟೆಲ್ಲ ಆದರೂ ಪೋಸ್ಟರಿನಲ್ಲಿ ಅವರ ಮುಖ ಒಮ್ಮೆಯೂ ಬರಲಿಲ್ಲ. ಅದಕ್ಕೆ ಅವರು ಬೇಸರ ಪಟ್ಟದ್ದನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ತೆರೆಯ ಮೇಲೆ ಹನ್ನೊಂದು ಹೆಂಡಿರಿದ್ದಾರೆ, ಇನ್ನು ಮನೆಗೊಬ್ಬಳನ್ನು ತಂದರೆ ಅವರೆಲ್ಲ ಸುಮ್ಮನಿರುತ್ತಾರೆಯೇ ಎಂದು ನಗಿಸಿ ಕಳಿಸುತ್ತಿದ್ದರು.

ಆ ಹನ್ನೊಂದರಲ್ಲಿ ಮೊದಲನೆಯವರು ಇಗ್ಲಾಲ್, ಮರ್ಯಾದೆಗೆ ಸಿತ್ತ್ ಇಗ್ಲಾಲ್. ಹದಿನೆಂಟು ದಾಟಿದ್ದೇ ಸಿನಿಮಾಕ್ಕೆ ಬಂದ ಆಕೆ ಮೂರು ವರ್ಷ ಸಣ್ಣಪುಟ್ಟ ಪಾತ್ರ ಮಾಡಿ, ಅಂಚೆ ಇಲಾಖೆಯ ಸಬ್ರಿಯನ್ನು ಮದುವೆಯಾಗಿ ಬಣ್ಣ ಬಿಟ್ಟವರು. ಈಗ ಎಂಬತ್ತರ ಹತ್ತಿರ. ಒಂದು ಮಧ್ಯಾಹ್ನ, ಅಸರ್ ನಮಾಜು ಮುಗಿದ ಹೊತ್ತಿಗೆ, ಮುಚ್ಚಳದ ಡಬ್ಬಿಯಲ್ಲಿ ಅಕ್ಕಿ ಪಾಯಸ ಹಿಡಿದು, ನೋಯುವ ಮಂಡಿಯಲ್ಲೇ ನಾಲ್ಕು ಮಹಡಿ ಹತ್ತಿ ಉಸ್ತಾಜರ ಬಾಗಿಲು ತಟ್ಟಿದರು. ಸಬ್ರಿಯ ಸಾವಿನ ಮನೆಯಲ್ಲಿ ಕಂಡ ಮೇಲೆ ಹತ್ತು ವರ್ಷವೇ ಆಗಿತ್ತು. ಉಸ್ತಾಜರು ಪುದೀನ ಹಾಕಿ ಚಹಾ ಮಾಡಿದರು, ಕುರ್ಚಿಗೆ ದಿಂಬು ಕೊಟ್ಟರು. ಆಕೆ ಚಹಾ ಮುಟ್ಟಲಿಲ್ಲ.

"ಉಸ್ತಾಜ್, ನಗಬಾರದು ನೀವು. ನಂಗೆ ನಿಮ್ಮಿಂದ ತಲಾಖ್ ಬೇಕು."

"ಮದುವೆ ಯಾವಾಗಾಯ್ತು, ಸಿತ್ತ್? ನನ್ನನ್ನ ಊಟಕ್ಕೂ ಕರೀಲಿಲ್ಲ," ಎಂದರು ಉಸ್ತಾಜರು. ಆಕೆಯ ಕಣ್ಣು ತುಂಬಿದ್ದು ಕಂಡು ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಆದದ್ದಿಷ್ಟು. ಹಿಂದಿನ ವಾರ ಟೀವಿಯಲ್ಲಿ ಅವರಿಬ್ಬರ ಟ್ರಾಮ್ ಸಿನಿಮಾ ಬಂದಿತ್ತು. ಉಸ್ತಾಜರು ಅದರಲ್ಲಿ ಟ್ರಾಮಿನ ಕಂಡಕ್ಟರು, ಇಗ್ಲಾಲ್ ಮಹಡಿಯ ಮೇಲೆ ಬಟ್ಟೆ ಒಗೆಯುವ ವಿಧವೆ. ಕೊನೆಯಲ್ಲಿ ನಿಕಾಹ್ ಓದಿಸುವ ಮಾಜೂನ್ ಬರುತ್ತಾನೆ, ಇಬ್ಬರು ಸಾಕ್ಷಿಗಳು ಕೂರುತ್ತಾರೆ, ವಿಧವೆ ನನ್ನನ್ನು ನಿನಗೆ ಕೊಟ್ಟೆ ಎನ್ನುತ್ತಾಳೆ, ಕಂಡಕ್ಟರ್ ಒಪ್ಪಿದೆ ಎನ್ನುತ್ತಾನೆ. ಮನೆಮಂದಿಯೆಲ್ಲ ಕೂತು ನೋಡುವಾಗ ಹಿರಿಸೊಸೆ ನಗುತ್ತಲೇ ಹುಳ ಬಿಟ್ಟಳು. ನಿಕಾಹಿನ ಮಾತನ್ನು ಆಟಕ್ಕೆ ಆಡಿದರೂ ಅದು ನಿಜವೇ ಆಗುತ್ತದಂತೆ, ಅತ್ತೆಗೆ ಹಾಗಾದರೆ ಇಬ್ಬರು ಗಂಡಂದಿರು! ಎಲ್ಲರೂ ನಕ್ಕರು. ಅಂದಿನಿಂದ ಅತ್ತೆಗೆ ಅನ್ನ ಇಳಿದಿರಲಿಲ್ಲ.

ಆಕೆ ಮಸೀದಿಯ ಶೇಖ್ ಸಾಹೇಬರನ್ನೂ ಕೇಳಿ ಬಂದಿದ್ದರು. ಅದು ಕತೆ, ಕತೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರ ಮನಸ್ಸಿನಲ್ಲೂ ಮದುವೆ ಇರಲಿಲ್ಲ, ನೆಮ್ಮದಿಯಾಗಿ ಮನೆಗೆ ಹೋಗು ತಾಯಿ ಎಂದು ಅವರು ಸಮಾಧಾನ ಹೇಳಿದ್ದರು. ಆಕೆ ಮನೆಗೇನೋ ಹೋದರು, ನೆಮ್ಮದಿ ಮಾತ್ರ ಜೊತೆಗೆ ಬರಲಿಲ್ಲ. ಅದಕ್ಕೇ ಉಸ್ತಾಜರು ತಲಾಖ್ ಎಂದು ಒಂದು ಮಾತು ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ಇಲ್ಲಿಗೆ ಬಂದಿದ್ದರು.

ಹೇಳಿಬಿಡೋಣ ಎಂದುಕೊಂಡು ಉಸ್ತಾಜರು ಬಾಯಿ ತೆರೆದರು. ಅಷ್ಟರಲ್ಲಿ ಆಕೆಯೇ ಕೈಯೆತ್ತಿ ತಡೆದರು. ಏನೋ ಆಗ ತಾನೇ ಹೊಳೆದು ಮುಖ ಬಿಳಿಚಿತ್ತು.

"ತಡೀರಿ. ನೀವು ಬಿಟ್ಟೆ ಅಂದ್ರೆ, ಇಷ್ಟು ದಿನ ಇತ್ತು ಅಂತಾಯ್ತು. ಹಾಗಾದ್ರೆ ಸಬ್ರಿ ಜೊತೆ ನಲವತ್ತೆಂಟು ವರ್ಷ ನಾನೇನು ಮಾಡ್ತಿದ್ದೆ? ನಾಳೆ ಗೋರೀಲಿ ಅವರ ಪಕ್ಕದಲ್ಲಿ ಯಾವ ಮುಖ ಇಟ್ಕೊಂಡು ಮಲಗ್ಲಿ?" ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡರು. "ಶೇಖ್ ಸಾಹೇಬ್ರು ಹೇಳಿದ್ದೇ ಸರಿ. ನನ್ನ ಮನಸ್ಸಲ್ಲಿ ಇರ್ಲಿಲ್ಲ, ಅದು ನಂಗೊತ್ತು. ನಿಮ್ಮ ಮನಸ್ಸಲ್ಲೂ ಇರ್ಲಿಲ್ಲ ತಾನೆ, ಉಸ್ತಾಜ್?"

ಐವತ್ತೆಂಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಕೇಳಬಾರದವರೇ ಕೇಳಿದ್ದರು.

ಇತ್ತು. ಮನಸ್ಸಿನಲ್ಲಿ ಬೇರೇನೂ ಇರಲೇ ಇಲ್ಲ. ಬೆಳಕು ಸರಿಬರಲಿಲ್ಲವೆಂದು ಆ ದೃಶ್ಯವನ್ನು ಏಳು ಸಲ ತೆಗೆದಿದ್ದರು. ಏಳು ಸಲವೂ ಇಪ್ಪತ್ತಾರರ ಬಹ್ಗತ್ ನಿಜವಾಗಿ ಮದುವೆಯಾಗಿದ್ದರು. ತಿಂಗಳ ಕೊನೆಗೆ ಸಂಬಳ ಬಂದೊಡನೆ ಒಳ್ಳೆಯ ಕೋಟು ಹೊಲಿಸಿ ಆಕೆಯ ಅಣ್ಣನನ್ನು ಕಾಣಬೇಕೆಂದಿದ್ದರು. ಕೋಟು ದರ್ಜಿಯ ಹತ್ತಿರ ಇರುವಾಗಲೇ ಸಬ್ರಿ ಅಣ್ಣನ ಜೊತೆ ಕೂತು ಫಾತಿಹಾ ಓದಿ ಮದುವೆಯ ಮಾತು ಮುಗಿಸಿದ್ದ. ಆ ಕೋಟನ್ನೇ ತೊಟ್ಟು ಬಹ್ಗತ್ ಮದುವೆಗೆ ಹೋದರು, ಹೊಟ್ಟೆತುಂಬ ಉಂಡರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲಿನ ಹತ್ತು ಹೆಂಡಿರ ಹೆಸರು ಅವರಿಗೆ ಸರಿಯಾಗಿ ನೆನಪಿಲ್ಲ. ಈ ಒಂದು ಸುಳ್ಳು ಮದುವೆಯನ್ನು ಮಾತ್ರ ಜೋಪಾನವಾಗಿ ಬಚ್ಚಿಟ್ಟುಕೊಂಡು ಮುಪ್ಪು ಕಂಡಿದ್ದರು. ಇನ್ನು ಅದನ್ನೂ ಬಿಟ್ಟುಕೊಡಬೇಕಿತ್ತು. ತಲಾಖಿನಿಂದ ಆಗುವ ಕೆಲಸವಲ್ಲ ಅದು. ಮದುವೆ ಆಗಿಯೇ ಇರಲಿಲ್ಲ ಎನ್ನಬೇಕಿತ್ತು.

"ಆ ಸಿನಿಮಾ ಇದೆಯಾ ನಿಮ್ಮ ಹತ್ರ?" ಎಂದು ಕೇಳಿದರು.

ಮೊಮ್ಮಗಳು ಹಾಕಿಕೊಟ್ಟದ್ದು ಫೋನಿನಲ್ಲಿತ್ತು. ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಕೊನೆಯ ಭಾಗಕ್ಕೆ ಬಂದರು. ಅಂಗೈಯಗಲದ ಕಪ್ಪುಬಿಳುಪು ಪರದೆಯಲ್ಲಿ ಮಾಜೂನನ ಪೇಟ, ಸಾಕ್ಷಿಗಳ ಮೀಸೆ, ಆಮೇಲೆ ಇಗ್ಲಾಲ್‌ರ ಮುಖ. ಕ್ಯಾಮೆರಾ ಆ ಮುಖ ಬಿಟ್ಟು ಕದಲಲೇ ಇಲ್ಲ. ಕಂಡಕ್ಟರನ ಹೆಗಲಷ್ಟೇ ಅಂಚಿನಲ್ಲಿ ಕಾಣುತ್ತಿತ್ತು. ಒಪ್ಪಿದೆ, ಎಂದಿತು ಒಂದು ಧ್ವನಿ.

"ಕೇಳಿಸ್ತಾ? ನನ್ನ ಬಾಯಿ ಎಲ್ಲಾದ್ರೂ ಕಾಣುತ್ತಾ?" ಎಂದರು ಉಸ್ತಾಜರು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಆ ವಾರ ನಂಗೆ ಗಂಟಲು ಕಟ್ಟಿತ್ತು, ಸಿತ್ತ್. ಉಸಿರು ಬಿಟ್ರೆ ಮಾತಿಲ್ಲ. ಸುಮ್ಮನೆ ತುಟಿ ಆಡಿಸಿದ್ದು, ಕ್ಯಾಮೆರಾದ ಸದ್ದಲ್ಲಿ ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ. ಆಮೇಲೆ ರೇಡಿಯೋದ ಹಿಲ್ಮಿ ಅನ್ನೋರನ್ನ ಕರೆಸಿ ಆ ಒಂದು ಮಾತು ಹೇಳಿಸಿದ್ರು. ನಾನು ಒಪ್ಪಿದೆ ಅಂತ ಅಂದೇ ಇಲ್ಲ."

ಹಾಗೊಬ್ಬ ಹಿಲ್ಮಿ ಯಾವ ರೇಡಿಯೋದಲ್ಲೂ ಇರಲಿಲ್ಲ.

"ದೇವರಾಣೆಗೂ?"

"ನಟನ ಆಣೆ ನೆಚ್ಚಬೇಡಿ. ನಿಮ್ಮ ಕಿವೀನೇ ಕೇಳಿ. ಅದು ನನ್ನ ಧ್ವನಿಯಾ?"

ಆಕೆ ಫೋನನ್ನು ಕಿವಿಗೆ ಒತ್ತಿ ಹಿಡಿದು ಮತ್ತೊಮ್ಮೆ ಕೇಳಿದರು, ಇನ್ನೊಮ್ಮೆ ಕೇಳಿದರು. ಒಪ್ಪಿದೆ. ಒಪ್ಪಿದೆ. ಉಸ್ತಾಜರು ಪರದೆಯತ್ತ ನೋಡದೆ ಕಿಟಕಿಯಾಚೆ ಒಣಹಾಕಿದ ಯಾರದೋ ಚಾದರಗಳನ್ನು ನೋಡುತ್ತ ಕೂತರು. ಜೀವಮಾನದಲ್ಲಿ ಯಾವ ಪಾತ್ರಕ್ಕೂ ಅವರು ಹೀಗೆ ಹೆದರಿದ್ದಿಲ್ಲ. ಆಕೆಯ ಹುಬ್ಬಿನ ಗಂಟು ಮೆಲ್ಲಗೆ ಸಡಿಲಿತು. ಉಸಿರು ಬಿಟ್ಟು, ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಬಹುವಚನವೂ ಎತ್ತಲೋ ಜಾರಿ, ಸ್ಟುಡಿಯೋದ ದಿನಗಳ ಹುಡುಗಿಯ ಮಾತು ಹೊರಬಂತು.

"ಅಲ್ಲ ಕಣೋ ಬಹ್ಗತ್, ನಿನ್ನದಲ್ಲ ಇದು. ನಂಗೆ ಮೊದಲೇ ತಿಳೀಬೇಕಿತ್ತು. ಎಷ್ಟು ಮನಸ್ಸಿಟ್ಟು ಹೇಳಿದಾನೆ ನೋಡು ಪುಣ್ಯಾತ್ಮ. ನಿನ್ನ ಕೈಲಿ ಇದು ಎಲ್ಲಿ ಆಗ್ತಿತ್ತು?"

"ನನ್ನ ಕೈಲಿ ಆಗ್ತಿರ್ಲಿಲ್ಲ ಬಿಡು," ಎಂದರು ಉಸ್ತಾಜರು. "ಹಿಲ್ಮಿ ದೊಡ್ಡ ನಟ."

ಆಮೇಲೆ ಇಬ್ಬರೂ ಪಾಯಸ ತಿಂದರು. ಹೊತ್ತಿಳಿಯುವ ಮುನ್ನ ಆಕೆ ಹೊರಟಾಗ, ಮಂಡಿ ಎಲ್ಲಿ ಕೈಕೊಡುವುದೋ ಎಂದು ಉಸ್ತಾಜರು ಒಂದೊಂದೇ ಮೆಟ್ಟಿಲು ಮುಂದೆ ಇಳಿಯುತ್ತ ಬೀದಿಯವರೆಗೂ ಬಂದು ಟ್ಯಾಕ್ಸಿ ಹತ್ತಿಸಿದರು. ತರಕಾರಿಯವನು ಯಾರು ಜಡ್ಜ್ ಸಾಹೇಬ್ರೇ ಬಂದದ್ದು ಎಂದು ಕೇಳಿದ. ಹಿಂದೊಮ್ಮೆ ಜೊತೆಗೆ ಕೆಲಸ ಮಾಡಿದವರು, ಸಬ್ರಿಯವರ ಹೆಂಡತಿ, ಎಂದರು ಉಸ್ತಾಜರು.