ಮೀನಿನ ಮಡಕೆಯ ಕೆಳಗಿದ್ದ ಡಬ್ಬಿ

ಯುಗಾದಿ ಕಳೆದ ಮರುವಾರ ನಮ್ಮ ಯಜಮಾನರು ಪಾಂಡವಪುರದ ನಮ್ಮ ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯುತ್ತಿದ್ದವರು ಎದೆ ಒತ್ತಿಕೊಂಡು ಕೂತುಬಿಟ್ಟರು. ಗ್ಯಾಸ್ ಎಂದರು. ಸೋಡಾ ಕುಡಿದರು. ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಇಸಿಜಿ ನೋಡಿ, ಈಗಲೇ ಮೈಸೂರಿಗೆ ಹೊರಡಿ ಎಂದರು.

ಹಾರ್ಟ್ ಅಟ್ಯಾಕ್.

ಸ್ಟೆಂಟ್ ಹಾಕಿದರು. ಡಿಸ್ಚಾರ್ಜ್ ದಿನ ಚೀಟಿಯಲ್ಲಿ ಎರಡು ಮಾತ್ರೆಗಳ ಹೆಸರಿಗೆ ಅಡಿಗೆರೆ ಎಳೆದು, ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಇವೇ, ಒಂದು ದಿನವೂ ತಪ್ಪಬಾರದು ಎಂದರು. ನಾನು ಪ್ರೈಮರಿ ಶಾಲೆಯ ಟೀಚರ್. ಅಡಿಗೆರೆ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬೇಸಿಗೆ ರಜೆಯಲ್ಲಿ ದೇವಲಾಪುರದಿಂದ ನಾದಿನಿ ಮಂಜುಳ ಬಂದಳು. ಬ್ಯಾಗಿನಿಂದ ದೊಡ್ಡದೊಂದು ಸೀಸೆ ತೆಗೆದಳು. ಒಳಗೆ ಜೇನಿನ ಬಣ್ಣದ ಗುಳಿಗೆಗಳು.

“ಮೀನೆಣ್ಣೆ ಕಣತ್ಗೆ. ಎದೆಗೂ ಒಳ್ಳೇದು, ಮಂಡಿಗೂ ಒಳ್ಳೇದು. ನಮ್ಮತ್ತೆ ಇದ್ನ ನುಂಗಿ ಈಗ ವಲಕ್ಕೆ ಓಯ್ತಾವ್ರೆ.”

ಡಾಕ್ಟರನ್ನು ಕೇಳಲಿಲ್ಲ. ಮೊಬೈಲಿನಲ್ಲಿ ನೋಡಿದೆ. ರಕ್ತದಲ್ಲಿನ ಟ್ರೈಗ್ಲಿಸರೈಡ್ ಕೊಬ್ಬು ಇಳಿಸುತ್ತದೆ ಎಂದಿತ್ತು. ಇವರ ರಿಪೋರ್ಟಿನಲ್ಲಿ ಅದು ಹೆಚ್ಚಿತ್ತು. ನನಗೆ ಅಷ್ಟೇ ಸಾಕಾಯಿತು. ಎಲ್ಲ ಒಂದೇ ಕಡೆ ಇದ್ದರೆ ಮರೆಯುವುದಿಲ್ಲ ಎಂದು ಬುದ್ಧಿವಂತಿಕೆ ಮಾಡಿ, ಹಾರ್ಟಿನ ಮಾತ್ರೆಗಳಿದ್ದ ಸ್ಟೀಲ್ ಡಬ್ಬಿಗೇ ಆ ಗುಳಿಗೆಗಳನ್ನೂ ಸುರಿದೆ. ಸೆಕೆಗೆ ಒಂದೆರಡು ಒಡೆದವು. ಡಬ್ಬಿಯೆಲ್ಲ ಮೀನಿನ ವಾಸನೆ. ಮೂಗು ಮುರಿದೆ, ಸುಮ್ಮನಾದೆ.

ನಾವು ಮೀನು ತಿನ್ನುವವರೇ. ಆದರೆ ಇವರು ಶನಿವಾರ ಮುಟ್ಟುವುದಿಲ್ಲ. ಶ್ರಾವಣ ಬಂತೆಂದರೆ ತಿಂಗಳಿಡೀ ಮನೆಯೊಳಗೆ ಬಾಡಿನ ವಾಸನೆ ಸುಳಿಯಬಾರದು. ಮೀನು ಬೇಯಿಸುವ ಮಡಕೆಯನ್ನು ಅಮಾವಾಸ್ಯೆಗೇ ತೊಳೆದು ಹಿತ್ತಲಿನಲ್ಲಿ ಕವುಚಿಬಿಡುತ್ತೇವೆ. ಈ ಸಲವೂ ಹಾಗೇ ಮಾಡಿದೆವು. ಅದಾದ ಮೇಲೆ ಮಾತ್ರೆ ಡಬ್ಬಿ ಅಡುಗೆಮನೆಯ ಶೆಲ್ಫಿನಲ್ಲಿ ಕಾಣಲಿಲ್ಲ. ಕೇಳಿದೆ.

“ಗಿರಣೀಲಿ ಮಡಗಿವ್ನಿ. ಅಲ್ಲೇ ನುಂಗ್ತೀನಿ, ಬುಡು” ಎಂದರು.

ಮಕ್ಕಳ ಹೋಂವರ್ಕನ್ನು ಸಾಲುಸಾಲಾಗಿ ನೋಡುವವಳು ನಾನು. ಗಂಡನ ಮಾತನ್ನು ನೋಡದೆಯೇ ಪಾಸು ಮಾಡಿದೆ.

ಆ ದಿನಗಳಲ್ಲಿ ಅವರು ಚೆನ್ನಾಗಿಯೇ ಇದ್ದರು. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುವುದು ನಿಂತಿತ್ತು. ಎಲ್ಲ ಮೀನೆಣ್ಣೆಯ ಮಹಿಮೆ ಎಂದು ಸ್ಟಾಫ್ ರೂಮಿನಲ್ಲಿ ಕೊಂಡಾಡಿದೆ. ಕೆ.ಆರ್. ಪೇಟೆಯಿಂದ ಬರುವ ಟೀಚರ್ ಒಬ್ಬರು ಹೆಸರು ಬರೆದುಕೊಂಡು ಹೋಗಿ ತಾವೂ ತಂದರು. ಅವರಿಗೆ ನಾನಿನ್ನೂ ನಿಜ ಹೇಳಿಲ್ಲ.

ಮೂರನೇ ಶ್ರಾವಣ ಶನಿವಾರ. ಪೂಜೆ ಮುಗಿಸಿ ಎದ್ದವರು ಮತ್ತೆ ಕೂತರು. ಹಣೆಯ ನಾಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು.

ಅದೇ ಎದೆ. ಅದೇ ನೋವು.

ಆಂಬುಲೆನ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಅವರ ಕೈ ತಣ್ಣಗಿತ್ತು. ಸತ್ತುಹೋಗುತ್ತಾರೆ ಅಂದುಕೊಂಡೆ. ಅಳು ಬರಲಿಲ್ಲ. ಇವತ್ತು ಶಾಲೆಗೆ ರಜೆ ಹೇಳಿಲ್ಲವಲ್ಲ ಎಂಬುದು ಮಾತ್ರ ನೆನಪಾಯಿತು. ಮನಸ್ಸು ಯಾಕೆ ಹಾಗೆ ಮಾಡುತ್ತದೋ ನನಗೆ ಈಗಲೂ ಅರ್ಥವಾಗಿಲ್ಲ.

ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿತ್ತು. ತೆಗೆದರು. ಉಳಿದುಕೊಂಡರು. ಮರುದಿನ ಐಸಿಯುನಲ್ಲಿ ಡಾಕ್ಟರು ಅವರನ್ನೇ ಕೇಳಿದರು, “ಮಾತ್ರೆ ಯಾವಾಗ ಬಿಟ್ರಿ?”

“ಬುಟ್ಟಿಲ್ಲ ಸಾರ್. ಶ್ರಾವಣ ಕಳೀಲಿ, ಆಮೇಲೆ ತಕಳವಾ ಅಂತಿದ್ದೆ. ಮೀನ್ ಜೊತೇಲಿ ಇದ್ದದ್ದಲ್ವಾ, ಎಂಗೆ ಮುಟ್ಟದು? ಶನಿವಾರ ಮೊದ್ಲಿಂದ್ಲೂ ಮುಟ್ತಿರ್ಲಿಲ್ಲ.”

ಡಾಕ್ಟರು ನನ್ನ ಕಡೆ ತಿರುಗಿದರು. ಡಬ್ಬಿಯ ಕಥೆ ಹೇಳಿದೆ.

“ಟ್ರೈಗ್ಲಿಸರೈಡ್ ತೀರಾ ಜಾಸ್ತಿ ಇದ್ರೆ ಡೋಸ್ ನೋಡಿ ನಾವೇ ಕೊಡ್ತೀವಮ್ಮ. ಅಂಗಡಿ ಗುಳಿಗೆ ಹಾರ್ಟ್ ಅಟ್ಯಾಕ್ ತಡೆಯುತ್ತೆ ಅಂತ ನಾನಂತೂ ಹೇಳಲ್ಲ. ಇವರು ತಗೊಳ್ಳೋ ಮಾತ್ರೆಗಳ ಜೊತೆಗೆ ಕೇಳದೆ ಕೊಡಲೂಬಾರದು. ಇವರನ್ನ ಕಾಯ್ತಿದ್ದದ್ದು ಆ ಎರಡು ಮಾತ್ರೆ.”

“ಮತ್ತೆ ಮಂಡಿ ನೋವು ಕಮ್ಮಿ ಆಗಿತ್ತಲ್ಲ?” ಎಂದೆ. ನಾಚಿಕೆಯಿಲ್ಲದೆ.

ಉತ್ತರ ಮಂಚದಿಂದ ಬಂತು. “ಮೂಟೆ ಎತ್ತಕ್ಕೆ ಆಳು ಮಡಗಿವ್ನಲ್ಲ. ಕೂತಿದ್ರೆ ಕಮ್ಮಿ ಆಗ್ದೆ ಇನ್ನೇನಾದದು?”

ನಾನು ಹೊಗಳಿಕೊಂಡು ತಿರುಗಿದ ದಿನಗಳಲ್ಲಿ ಅವರ ಹೊಟ್ಟೆಗೆ ಒಂದೇ ಒಂದು ಮೀನೆಣ್ಣೆ ಗುಳಿಗೆಯೂ ಹೋಗಿರಲಿಲ್ಲ.

ಬಟ್ಟೆ ತರಲು ಮನೆಗೆ ಬಂದವಳು, ಶ್ರಾವಣದಲ್ಲಿ ಮೀನಿನದೆಲ್ಲ ಸೇರುವ ಜಾಗ ಒಂದೇ ಎಂದು ಹೊಳೆದು, ಹಿತ್ತಲಿಗೆ ಹೋಗಿ ಮಡಕೆ ಎತ್ತಿದೆ. ಡಬ್ಬಿ ಅಲ್ಲೇ ಇತ್ತು. ಪೇಪರಿನಲ್ಲಿ ಸುತ್ತಿ, ಮೇಲೊಂದು ದಾರ ಕಟ್ಟಿದ್ದರು. ಎಸೆದಿರಲಿಲ್ಲ, ಜೋಪಾನವಾಗಿ ಇಟ್ಟಿದ್ದರು. ಮೊದಲು ಸಿಟ್ಟು ಬಂತು. ಆಮೇಲೆ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅವರದು ನೇಮ. ಅದನ್ನು ಮೂವತ್ತು ವರ್ಷ ನೋಡಿಯೂ ಮೀನನ್ನು ಔಷಧದ ಜೊತೆ ಬೆರೆಸಿದ್ದು ನಾನು.

ಈಗ ಗುಳಿಗೆಗಳಿಲ್ಲ. ತಿನ್ನುವ ದಿನ ಮೀನು ತಿನ್ನಿ, ಸಾರಾಗಲಿ, ಕರಿದದ್ದು ಬೇಡ ಎಂದಿದ್ದಾರೆ ಡಾಕ್ಟರು. ಮಾತ್ರೆಗಳಿಗೆ ಹೊಸ ಡಬ್ಬಿ ತಂದು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇಟ್ಟಿದ್ದೇನೆ. ಹೃದಯ ಮೊದಲಿನಷ್ಟು ಗಟ್ಟಿಯಿಲ್ಲವಂತೆ. ಆದರೂ ಇದ್ದಾರೆ.

ಮೊನ್ನೆ ಶನಿವಾರ ನಾನು ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅವರು ದೀಪ ಹಚ್ಚಿ, ತೀರ್ಥದ ಜೊತೆಗೇ ಎರಡು ಮಾತ್ರೆ ನುಂಗಿ ಬಾಗಿಲಿಗೆ ಬಂದರು. ನಮ್ಮ ಶಾಲೆಯಲ್ಲಿ ಜಂತುಹುಳದ ಮಾತ್ರೆ ನುಂಗಿದ ಮಕ್ಕಳ ಹಾಗೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದರು.

ನಾನು ಕೇಳಿರಲಿಲ್ಲ.