ಹೂ ಬಿಡುವವರೆಗೂ ದಂಟು

೨೦೨೬ರ ಜನವರಿ ೧೮, ಭಾನುವಾರ. ಗೋಡೆಯ ಪಂಚಾಂಗದಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ: ಅಂದು ಪುಷ್ಯ ಮಾಸದ ಅಮಾವಾಸ್ಯೆ. ಬೆಳಿಗ್ಗೆ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿಯವನೊಬ್ಬ ಈರುಳ್ಳಿ ಸೊಪ್ಪಿನಂತೆ ಕಾಣುವ ದಪ್ಪ ದಂಟಿನ ಲೀಕ್‌ಗಳ ಒಣಗಿದ ಹೊರಪದರವನ್ನು ಸುಲಿದು ಕೆಳಗೆ ಹಾಕುತ್ತಿದ್ದ. ಈರುಳ್ಳಿಯದೇ ಆದರೂ ಖಾರವಿಲ್ಲದ, ಆಗತಾನೇ ಕೊಯ್ದ ಹುಲ್ಲಿನ ಹಸಿತನವೂ ಬೆರೆತ ವಾಸನೆ. ಅವನು ಬದಿಗಿಟ್ಟಿದ್ದ ಒಂದು ಗಿಡದ ನಡುವಿನಿಂದ ಪೆನ್ಸಿಲಿನಷ್ಟು ದಪ್ಪದ ಹೂಕಡ್ಡಿ ಎದ್ದು ನಿಂತಿತ್ತು. ನಾನು ಅದನ್ನೇ ಕೈಗೆತ್ತಿಕೊಂಡೆ.

“ಅದು ಬೇಡ ಸಾರ್, ಹೂವಿಗೆ ಬಂದ್ಬಿಟ್ಟಿದೆ. ಒಳಗೆಲ್ಲ ಕಟ್ಟಿಗೆ. ಎಳೇದು ಕೊಡ್ತೀನಿ ತಗೊಳ್ಳಿ.”

“ಇದೇ ಇರಲಿ.”

“ಅಡಿಗೆಗೋ ಸಾರ್, ಮ್ಯೂಸಿಯಮ್ಮಿಗೋ?”

ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಸವೆಸಿದ ನನಗೆ ಆ ಪ್ರಶ್ನೆ ಅನ್ಯಾಯವೆನಿಸಲಿಲ್ಲ. ಆದರೆ ಆ ಗಿಡವನ್ನು ಚೀಲಕ್ಕೆ ಹಾಕಿಕೊಳ್ಳುವಾಗ ನನ್ನ ಮನಸ್ಸಿನಲ್ಲಿದ್ದವರು ಕಗ್ಗದಾಸಪುರದ ಕೆಳಗಿನ ಮನೆಯ ಅಜ್ಜಿ.

ಆ ಕಾಲಕ್ಕೆ ಕಗ್ಗದಾಸಪುರ ಹಳ್ಳಿಯ ಚಹರೆಯನ್ನು ಪೂರ್ತಿ ಕಳೆದುಕೊಂಡಿರಲಿಲ್ಲ. ನಾನು ಮಹಡಿಯ ಮೇಲೆ ಬಾಡಿಗೆಗಿದ್ದೆ. ಕೆಳಗೆ ಅಜ್ಜಿ, ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ ಅವರ ಮಗ, ವಿಮಾ ಕಚೇರಿಯಲ್ಲಿದ್ದ ಸೊಸೆ. ಪಕ್ಕದ ಖಾಲಿ ಸೈಟೂ ಅವರದೇ. ಅಲ್ಲಿ ಅವರೆ, ಬದನೆ, ದಂಟಿನ ಸೊಪ್ಪು ಬೆಳೆಯುತ್ತಿದ್ದವು. ಯಜಮಾನರು ತೀರಿಕೊಂಡ ವರ್ಷದಿಂದ ಅಜ್ಜಿ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಿದ್ದರು. ಅವರ ಮೇಲಿನ ಗೌರವದಿಂದ ಆ ಅಡಿಗೆಮನೆಗೇ ಅವೆರಡೂ ಬರುತ್ತಿರಲಿಲ್ಲ.

ಲೀಕ್ ಬಂದದ್ದು ಗಣೇಶನ ಹಬ್ಬದ ಆಸುಪಾಸಿನಲ್ಲಿ. ಇದನ್ನು ಸೊಸೆಯೂ ದೃಢಪಡಿಸುತ್ತಾರೆ. ಈಗ ನಿವೃತ್ತರಾಗಿ ಕೆ.ಆರ್. ಪುರದಲ್ಲಿರುವ ಅವರನ್ನು ಈ ಬರಹಕ್ಕಾಗಿ ಫೋನಿನಲ್ಲಿ ವಿಚಾರಿಸಿದೆ. ಹಲಸೂರಿನ ಸಹೋದ್ಯೋಗಿಯೊಬ್ಬರು “ಸೂಪಿನ ದಂಟು” ಎಂದು ಹೇಳಿ ಒಂದು ಹಿಡಿ ಸಸಿ ಕೊಟ್ಟಿದ್ದರಂತೆ. ಸೊಸೆಗೆ ಸಣ್ಣದೊಂದು ಅನುಮಾನವಿತ್ತು, ನನ್ನನ್ನು ಕೇಳಿದರು. ನಾನು ಸಸಿಯನ್ನು ತಿರುಗಿಸಿ ನೋಡಿ, “ಇನ್ನೂ ಎಳೆಯದು, ನಿರ್ಧಾರವಾಗಿ ಹೇಳಲಾಗದು” ಎಂದೆ. ಅವರು ಅದನ್ನು ಅನುಮತಿ ಎಂದು ತಿಳಿದು ಪಾತಿ ಮಾಡಿ ನೆಟ್ಟರು.

ದೀಪಾವಳಿಯ ಮಾರನೆಯ ವಾರ ಅಜ್ಜಿಗೆ ಜ್ವರ ಹಿಡಿಯಿತು. ಜ್ವರ ಬಿಟ್ಟಾಗ ಅದು ಅವರ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೆ ಒಯ್ದಿತ್ತು. ಅನ್ನ ಮಣ್ಣಿನ ಹಾಗಿದೆ ಎನ್ನುತ್ತಿದ್ದರು. ಗಂಜಿ ಮುಟ್ಟಲಿಲ್ಲ, ಹಾಲು ಕುಡಿಯಲಿಲ್ಲ. ಚಿನ್ನದ ಬಳೆಗಳು ಮೊಣಕೈವರೆಗೂ ಸರಿಯತೊಡಗಿದವು. ಹೀಗೇ ಆದರೆ ಉಳಿಯುವುದು ಕಷ್ಟವೆಂದು ವೈದ್ಯರು ಮಗನನ್ನು ಹೊರಗೆ ಕರೆದು ಹೇಳಿದ್ದರು. ಎಲ್ಲ ಪ್ರಯತ್ನವೂ ಸೋತ ಮೇಲೆ ಸೊಸೆ ಆ ‘ಸೂಪಿನ ದಂಟ’ನ್ನು ಹೆಸರುಬೇಳೆಯ ಜೊತೆ ಬೇಯಿಸಿ, ಕಡೆದು, ಮೆಣಸಿನ ಪುಡಿ, ತುಪ್ಪ ಹಾಕಿ ಲೋಟದಲ್ಲಿ ಕೊಟ್ಟರು. ಅಜ್ಜಿ ಅದನ್ನು ಪೂರ್ತಿ ಕುಡಿದರು. ರುಚಿ ಗೊತ್ತಾಗದಿದ್ದರೂ ಗಂಟಲಲ್ಲಿ ನಯವಾಗಿ ಇಳಿಯುತ್ತದೆ ಎಂದರು. ಸಂಕ್ರಾಂತಿಯ ಹೊತ್ತಿಗೆ ಅವರಿಗೆ ಸೇರುತ್ತಿದ್ದ ಆಹಾರ ಅದೊಂದೇ...

ಶಿವರಾತ್ರಿ ಹತ್ತಿರ ಬಂದು ಬಿಸಿಲೇರಿತು. ಚಳಿಗಾಲ ಕಳೆದ ಲೀಕ್‌ಗಳು ಒಂದೊಂದಾಗಿ ನಡುವಿನಿಂದ ಹೂಕಡ್ಡಿ ಎತ್ತತೊಡಗಿದವು. ಸೊಸೆ ಪಾತಿಯ ಈಚೆ ಬದಿಯಿಂದ ಕೀಳುತ್ತಾ ಬಂದಿದ್ದರು; ಆಚೆ ಬದಿ ಅವರೆ ಗಿಡಗಳ ಮರೆಯಲ್ಲಿದ್ದುದರಿಂದ ಯಾರೂ ಗಮನಿಸಿರಲಿಲ್ಲ. ಅಜ್ಜಿ ಕೋಲೂರಿಕೊಂಡು ಮೊದಲ ಬಾರಿ ಸೈಟಿಗೆ ಇಳಿದ ಬೆಳಿಗ್ಗೆ ಒಂದು ಹೂ ಅರಳಿ ನಿಂತಿತ್ತು: ಸೊಂಟದೆತ್ತರದ ಕಡ್ಡಿಯ ತುದಿಯಲ್ಲಿ ಬೆಳ್ಳಗಿನ ಚೆಂಡು. ಅವರು ಹೊಸಕೋಟೆ ಕಡೆಯ ರೈತರ ಮಗಳು.

“ಇದು ಈರುಳ್ಳಿ ಹೂವಲ್ವೇನೇ?”

ಸೊಸೆ ಬಗ್ಗಿ ಅವರೆ ಗಿಡದ ಬುಡದ ಕಳೆ ಕೀಳತೊಡಗಿದರು.

“ನಿನ್ನನ್ನೇ ಕೇಳ್ತಿರೋದು.”

“ಸೂಪಿನ ದಂಟು ಅಂತ್ಲೇ ಕೊಟ್ರು ಅತ್ತೆ. ನಂಗೂ ಗೊತ್ತಿರ್ಲಿಲ್ಲ... ಮೇಲಿನೋರನ್ನೂ ಕೇಳಿದ್ದೆ.”

ಆ ದಿನ ಅಜ್ಜಿ ಏನನ್ನೂ ಸೇವಿಸಲಿಲ್ಲ. ಮಾರನೆಯ ದಿನವೂ ಇಲ್ಲ. ಲೋಟ ಹಾಗೇ ತಣ್ಣಗಾಗಿ ವಾಪಸು ಹೋಯಿತು. ಸಂಜೆ ನನಗೆ ಕರೆ ಬಂತು. ಅಜ್ಜಿ ಗೋಡೆಗೊರಗಿ ಕುಳಿತಿದ್ದರು. ಸೊಸೆಯ ಕಣ್ಣು ಕೆಂಪಾಗಿತ್ತು.

“ಮೇಷ್ಟ್ರೇ, ಓದಿದೋರು ನೀವು. ಅದು ಈರುಳ್ಳಿನೋ ಅಲ್ವೋ, ಹೇಳಿ.” ನಾನು ಎಲ್ಲಿಯೂ ಪಾಠ ಹೇಳಿದವನಲ್ಲ, ಕನ್ನಡಕ ನೋಡಿ ಅವರೇ ದಯಪಾಲಿಸಿದ ಪದವಿ ಅದು.

ಕುಲ ಒಂದೇ ಆದರೂ ಜಾತಿ ಬೇರೆ, ಗೆಡ್ಡೆ ಕಟ್ಟುವ ಸ್ವಭಾವ ಬೇರೆ, ಆದ್ದರಿಂದ ಒಂದು ದೃಷ್ಟಿಯಲ್ಲಿ ಹೌದು, ಇನ್ನೊಂದು ದೃಷ್ಟಿಯಲ್ಲಿ ಅಲ್ಲ ಎಂದು ನಾನು ವಿವರಿಸತೊಡಗಿದೆ.

“ಟೈಮೆಷ್ಟು ಅಂದ್ರೆ ಪಂಚಾಂಗ ಓದ್ತೀರಲ್ಲ” ಎಂದು ಅಜ್ಜಿ ನನ್ನನ್ನು ತಡೆದರು. ಅಡಿಗೆಮನೆಯ ಬಾಗಿಲಲ್ಲಿ ಸೊಸೆ ಸೆರಗಿನ ತುದಿಯನ್ನು ಹಿಂಡುತ್ತಾ ನಿಂತಿದ್ದರು. ಕೊನೆಗೆ ಅಜ್ಜಿ ತಾವೇ ತೀರ್ಪು ಕೊಟ್ಟರು.

“ಹೂ ಬಿಟ್ಟಿದ್ದು ಈರುಳ್ಳಿ. ಹೂ ಬಿಡೋವರೆಗೂ ದಂಟು. ಇನ್ಮೇಲೆ ಒಂದಕ್ಕೂ ಹೂ ಬಿಡೋಕೆ ಬಿಡ್ಬೇಡಿ. ಹೋಗೇ, ಅದನ್ನ ಬಿಸಿ ಮಾಡ್ಕೊಂಡು ಬಾ.”

ಅಂದಿನಿಂದ ಆ ಪಾತಿಯ ಕಾವಲು ನಮ್ಮ ಪಾಲಿಗೆ ಬಂತು. ಸೊಸೆ ಕಚೇರಿಗೆ ಹೊರಡುವ ಮೊದಲು, ನಾನು ಸಂಜೆ ಬಂದ ಮೇಲೆ, ಎಲೆಗಳ ನಡುವೆ ಬೆರಳಿಟ್ಟು ನೋಡುತ್ತಿದ್ದೆವು. ಮೊಗ್ಗು ಕಾಣಿಸಿದ ಗಿಡವನ್ನು ಅಂದೇ ಕಿತ್ತು, ಉದ್ದಕ್ಕೆ ಸೀಳಿ, ನಡುವಿನ ಗಟ್ಟಿ ಕಡ್ಡಿಯನ್ನು ತೆಗೆದುಹಾಕಿ, ಮೆತ್ತನೆಯ ಹೊರಪದರಗಳನ್ನು ಮಾತ್ರ ಬೇಯಿಸುವುದು. ಒಂದೇ ಸಲ ಅಷ್ಟನ್ನೂ ಬಳಸಲಾಗದೆ ಕೆಲವು ಗಿಡಗಳ ಹೂಕಡ್ಡಿಯನ್ನಷ್ಟೇ ಬುಡದಲ್ಲಿ ಕತ್ತರಿಸಿ ಬಿಟ್ಟೆವು. ವಾರಗಳು ಕಳೆದ ಮೇಲೆ ಅವುಗಳ ಬುಡದಲ್ಲಿ ಮುತ್ತಿನಂಥ ಬಿಳಿಯ ಸಣ್ಣ ಗೆಡ್ಡೆಗಳು ಕಟ್ಟಿದ್ದವು. ಕೆಟ್ಟವೆಂದು ಕೈಬಿಟ್ಟ ಗಿಡಗಳು ಮುಂದಿನ ಬೆಳೆಗೆ ಬಿತ್ತನೆಯನ್ನು ತಾವೇ ಕೂಡಿಟ್ಟಿದ್ದವು. ಅಜ್ಜಿ ಅವರೆ ಗಿಡಗಳ ನೆರಳಿನಲ್ಲಿ ಮಣೆ ಹಾಕಿಸಿಕೊಂಡು ಕುಳಿತು, “ಮೇಷ್ಟ್ರೇ, ಆ ಮೂಲೇದು ಮೂತಿ ಮೇಲೆತ್ತಿದೆ ನೋಡಿ, ಶಾಸನ ಅಲ್ಲ ಅದು, ಕಾಯೋಲ್ಲ” ಎಂದು ನನ್ನನ್ನು ಓಡಾಡಿಸುತ್ತಿದ್ದರು.

ಯುಗಾದಿಯ ಹಿಂದುಮುಂದು ಇರಬೇಕು. ಇದಕ್ಕೆ ಆಧಾರ ನನ್ನ ನೆನಪೊಂದೇ. ಒಂದು ಸಂಜೆ ನಾನು ಕೆಳಗಿನ ಮನೆಗೆ ಹೋಗಿದ್ದಾಗ ಅಜ್ಜಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

“ಉಪ್ಪು ಜಾಸ್ತಿ ಆಯ್ತು ಕಣೇ.”

ಸೊಸೆ ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ಅತ್ತರು. “ಅಳೋಂಥದ್ದೇನಂದೆ ನಾನು? ಉಪ್ಪು ತಾನೇ” ಎಂದು ಅಜ್ಜಿ ಗದರಿದರು. ಆಮೇಲೆ ಏನೋ ಹೊಳೆದಂತೆ ಲೋಟವನ್ನು ಮೂಗಿನ ಹತ್ತಿರ ತಂದರು. ಹಬೆಯನ್ನು ಒಳಗೆಳೆದುಕೊಂಡರು. ವಾಸನೆಯೂ ಮರಳಿತ್ತು, ಈಗ ಯಾವ ತೀರ್ಪೂ ಆ ವಾಸನೆಯನ್ನು ಮರೆಮಾಚಲಾರದು. ಅವರು ನಮ್ಮಿಬ್ಬರ ಮುಖವನ್ನೂ ನೋಡಿದರು.

“ದಂಟಿಗೂ ಅಂತ ಒಂದು ವಾಸನೆ ಇರುತ್ತೆ” ಎಂದು ಹೇಳಿ, ಲೋಟ ಖಾಲಿ ಮಾಡಿ ಕೆಳಗಿಟ್ಟರು.

ಆಮೇಲೆ ಅನ್ನ, ಸಾರು, ಹುಳಿ ಎಲ್ಲವೂ ನಿಧಾನವಾಗಿ ಅವರ ತಟ್ಟೆಗೆ ಮರಳಿದವು. ನಾನು ಮನೆ ಬಿಟ್ಟು ಜೋಗುಪಾಳ್ಯಕ್ಕೆ ಬಂದ ನಂತರವೂ ಅವರು ಹಲವು ವರ್ಷ ಬದುಕಿದ್ದರು. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಡವಾಗಿ, ಹೋಗಿ ನೋಡಲಾಗಲಿಲ್ಲ. ಈಗ ಆ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಅವರು ಕುಳಿತಿದ್ದ ಜಾಗವನ್ನು ಅಂದಾಜಿನಿಂದಲೂ ಗುರುತಿಸಲಾಗದು...

ಅಜ್ಜಿಯ ತೀರ್ಪಿನ ನಂತರ ಆ ಪಾತಿಯಲ್ಲಿ ಒಂದು ಲೀಕ್ ಕೂಡ ಹೂ ಬಿಡಲಿಲ್ಲವೆಂದು ನಾನು ಇಷ್ಟು ವರ್ಷ ನಂಬಿದ್ದೆ, ಕೇಳಿದವರಿಗೆಲ್ಲ ಹಾಗೆಯೇ ಹೇಳಿದ್ದೆ. ಫೋನಿನಲ್ಲಿ ಮಾತಾಡಿದ ಮಾರನೆಯ ದಿನ ಸೊಸೆ ಒಂದು ಹಳೆಯ ಛಾಯಾಚಿತ್ರವನ್ನು ಕಳುಹಿಸಿದರು. ಅದರ ಬಿಳಿಯ ಅಂಚಿನಲ್ಲಿ ಸ್ಟುಡಿಯೋದವರು ಮುದ್ರಿಸಿರುವ ತಿಂಗಳು, ವರ್ಷ ಸ್ಪಷ್ಟವಾಗಿವೆ: ತೀರ್ಪಿನ ಮರುವರ್ಷದ ಬೇಸಿಗೆ, ನಾನು ಇನ್ನೂ ಅದೇ ಮಹಡಿಯಲ್ಲಿದ್ದ ಕಾಲ. ಚಿತ್ರದಲ್ಲಿ ಅಜ್ಜಿ ಕೋಲಿಲ್ಲದೆ ನಿಂತಿದ್ದಾರೆ. ಸುತ್ತಲೂ ಇಡೀ ಪಾತಿ ಬೆಳ್ಳಗೆ ಅರಳಿದೆ. ಅವರ ಒಂದು ಕೈ ಹೂವಿನ ಮೇಲಿದೆ; ಇನ್ನೊಂದರಲ್ಲಿ, ದಂಟಿನ ಸೂಪು ಕುಡಿಯುತ್ತಿದ್ದ ಅದೇ ಲೋಟ ಹಬೆಯಾಡುತ್ತಿದೆ.